ದನಿ ಮಾತ್ರ ಬರಲಿಲ್ಲ, ಅಪ್ಪಾಜಿ

ಅಪ್ಪಾಜಿ,

ನೀವು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನಾನು ಕೆಲಸಕ್ಕೆ ಹೊರಟಿರುತ್ತೇನೆ. ರೊಟ್ಟಿ ಡಬ್ಬಿಯಲ್ಲಿದೆ. ಪಲ್ಯ ಬಿಸಿ ಮಾಡಿಕೊಳ್ಳಿ.

ಹಳೇ ಕಂಪ್ಯೂಟರ್‌ಗೆ ಹೊಸ ವಿಂಡೋಸ್ ಆಗುವುದಿಲ್ಲ ಎಂದು ಲಿನಕ್ಸ್ ಹಾಕಿದೆನಲ್ಲ, ಅದರಲ್ಲಿ ವಿಂಡೋಸ್ ಪ್ರೋಗ್ರಾಂ ನಡೆಸಲು ‘ವೈನ್’ ಎಂಬುದನ್ನೂ ಹಾಕಿದ್ದೇನೆ. ಹೆಸರು ನೋಡಿ ಗಾಬರಿಯಾಗಬೇಡಿ. ಗಂಟಲಿನ ಆಪರೇಷನ್ ಆದಾಗಿನಿಂದ ನಿಮ್ಮ ಪರವಾಗಿ ಮಾತಾಡುತ್ತಿದ್ದ ಸಾಫ್ಟ್‌ವೇರ್ ಈಗ ತೆರೆಯುತ್ತದೆ, ಟೈಪ್ ಮಾಡಿದ ಕನ್ನಡವೂ ಮೂಡುತ್ತದೆ. ದನಿ ಮಾತ್ರ ಬರುತ್ತಿಲ್ಲ. ಏನೇನೋ ಮಾಡಿ ನೋಡಿದೆ, ಆಗಲಿಲ್ಲ. ಇವತ್ತೇ ಹೀಗಾಯಿತಲ್ಲ ಎಂದು ತುಂಬಾ ಬೇಜಾರಾಗಿದೆ.

ಹರಿಹರದಿಂದ ಗುರುಶಾಂತತ್ತೆ ಮಧ್ಯಾಹ್ನ ಬರುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ನೀವು ಬರೆದು ತೋರಿಸುವಂತಿಲ್ಲ. ಸಾಫ್ಟ್‌ವೇರ್‌ನ ಗಂಡು ದನಿಯನ್ನೇ ನಿಮ್ಮದೆಂದು ಒಪ್ಪಿಕೊಂಡಿದ್ದರು. ಕಳೆದ ಸಲ ನೀವು ಬರೆದದ್ದನ್ನು ಫೋನಿನ ಹೆಣ್ಣು ದನಿಯಲ್ಲಿ ಓದಿಸಿದಾಗ, “ಇದ್ಯಾರವ್ವ, ನನ್ನ ತಮ್ಮ ಎಲ್ಲಿ?” ಎಂದು ಅತ್ತುಬಿಟ್ಟರಲ್ಲ.

ಬೆಳಿಗ್ಗೆ ಅವರಿಗೆ ಫೋನ್ ಮಾಡಿ, ದನಿ ಬರುತ್ತಿಲ್ಲ, ಇನ್ನೊಂದು ದಿನ ಬನ್ನಿ ಎಂದೆ. ಅದಕ್ಕೆ ಅವರು, “ಬ್ಯಾಡ, ಇವತ್ತೇ ಬರ್ತೀನಿ. ಅವನು ಟೈಪ್ ಮಾಡ್ಲಿ, ಆ ಟಕಟಕ ಕೇಳ್ಕೊಂತ ಕುಂತಿರ್ತೀನಿ. ನೀ ಬಂದ್‌ಮ್ಯಾಲೆ ಓದಿ ಹೇಳುವಂತಿ” ಎಂದರು.

ಅವರಿಗೆ ಕಂಪ್ಯೂಟರ್ ಪಕ್ಕದಲ್ಲೇ ಕುರ್ಚಿ ಹಾಕಿ. ಬರೆದದ್ದನ್ನು ಸೇವ್ ಮಾಡಿ. ನಾನು ಬೇಗ ಬರುತ್ತೇನೆ.

ಓದುವವಳು ಮಗಳು ಎಂದು ಸಂಕೋಚಪಟ್ಟು ಅಕ್ಕನಿಗೆ ಹೇಳಬೇಕಾದ್ದು ಯಾವುದನ್ನೂ ಬಿಡಬೇಡಿ.

ರಶ್ಮಿತಾ