ಬಚ್ಚಲಲ್ಲಿ ಜಾರಿಬಿದ್ದವನ ಯುದ್ಧನಷ್ಟ

ಹಳೇಬೀಡು
18 ಜನವರಿ 2026, ಭಾನುವಾರ

ಪ್ರೀತಿಯ ವೇದೂ,

ಹೇಗಿದ್ದೀಯ? ಜಾರ್ಜಿಯಾದ ಟಿಬಿಲಿಸಿಯಲ್ಲಿ ಇವತ್ತು ಎಷ್ಟು ಚಳಿ ಎಂದು ಅಮ್ಮ ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡಿ, ಕಾಫಿ ಕೊಡುವ ಮೊದಲು ನಮಗೆಲ್ಲ ಹೇಳುತ್ತಾಳೆ. ಕಿವಿಗೆ ಹತ್ತಿ ಇಟ್ಟುಕೊಳ್ಳದೆ ಹೊರಗೆ ಹೋಗಬೇಡ. ಬಲಗಿವಿ ಸೋರುವುದು ನಿಂತಿತೇ? ಸ್ಟೆತಾಸ್ಕೋಪಿನಲ್ಲಿ ಎದೆಬಡಿತ ಸರಿಯಾಗಿ ಕೇಳಿಸದೆ ನೀನು ಪಕ್ಕದವರನ್ನು ಕೇಳಿ ಬರೆದುಕೊಳ್ಳುತ್ತೀಯ ಎಂದು ಇಂದುಧರ ಬಾಯಿಬಿಟ್ಟ. ರಜೆಗೆ ಜಾವಗಲ್‌ಗೆ ಬಂದ ನಿನ್ನ ಸಹಪಾಠಿ ಹೇಳಿದ ಮೇಲೆ ನಮಗೆ ತಿಳಿಯಬೇಕೇನೋ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಮಂಡಿ ನೋವು, ಆದರೂ ದೇವಸ್ಥಾನಕ್ಕೆ ನೀರಿನ ಬಿಂದಿಗೆ ತಾವೇ ಹೊರಬೇಕು. ಫೋನಿನಲ್ಲಿ ನಿನ್ನ ಕಿವಿಯ ವಿಷಯ ಎತ್ತಿದರೆ ನೀನು "ಬಿಡೇ ಅಕ್ಕ" ಎಂದು ನಗುತ್ತೀಯ, ನಾನೂ ಸುಮ್ಮನಾಗಿಬಿಡುತ್ತೇನೆ. ಕಾಗದದ ಮೇಲೆ ನನಗೆ ಧೈರ್ಯ ಹೆಚ್ಚು. ಅದಕ್ಕೇ ಬರೆದು ಇಂದುಧರನ ಕೈಯಲ್ಲಿ, ಚಟ್ನಿಪುಡಿಯ ಜೊತೆ ಕಳಿಸುತ್ತಿದ್ದೇನೆ.

ನಿನ್ನ ಅರ್ಜಿ ಎಲ್ಲಿಗೆ ಬಂತು ಎಂದು ಕೇಳಿದ್ದೆಯಲ್ಲ, ಎಲ್ಲಿಗೂ ಬಂದಿಲ್ಲ. ಉಕ್ರೇನಿನಲ್ಲಿ ಯುದ್ಧದಿಂದ ನಷ್ಟವಾದವರ ಹೆಸರು ಬರೆದುಕೊಳ್ಳಲು ಹೇಗ್ ನಗರದಲ್ಲಿ ಒಂದು ನೋಂದಣಿ ಕಚೇರಿ ಇದೆ ಎಂದು ತಿಳಿದಾಗ ನಾನು ಎಷ್ಟು ಹಿಗ್ಗಿದ್ದೆ. ಈಗ ನೋಡಿದರೆ ಆ ಕಚೇರಿ ಬರೆದುಕೊಳ್ಳುತ್ತದೆ, ಅಷ್ಟೇ. ಯಾರಿಗೆ ಎಷ್ಟು ಎಂದು ತೀರ್ಮಾನಿಸಲು ಬೇರೆ ಆಯೋಗ ಬರಬೇಕು. ಅದಕ್ಕೆ ದೇಶಗಳು ಹೋದ ತಿಂಗಳು ಸಹಿ ಹಾಕಿವೆ. ಕೊಡುವ ಹಣ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಯಾರ ಹತ್ತಿರವೂ ನೇರ ಉತ್ತರವಿಲ್ಲ. ಹಾಗಿದ್ದೂ ಮೊದಲು ಹೆಸರು ಸೇರಲೇಬೇಕು, ಇಲ್ಲದಿದ್ದರೆ ಮುಂದಿನ ಬಾಗಿಲೇ ಇಲ್ಲ ಎನ್ನುತ್ತಾರೆ ನಿಮ್ಮಂಥ ವಿದ್ಯಾರ್ಥಿಗಳ ಅರ್ಜಿ ಸಿದ್ಧಪಡಿಸಿಕೊಡುವ ದೆಹಲಿಯ ವಕೀಲರು. ನಿನ್ನ ಕಿವಿಯ ಆಪರೇಷನ್‌ಗೆ ಬೇರೆ ದಾರಿ ನನಗಂತೂ ಕಾಣುತ್ತಿಲ್ಲ. ಯುದ್ಧಕ್ಕೆ ಮೊದಲು ನೀನು ಓದುತ್ತಿದ್ದ ಖಾರ್ಕಿವ್‌ನ ಹಾಸ್ಟೆಲ್ ಚೀಟಿ, ಪಾಸ್‌ಪೋರ್ಟಿನ ಮುದ್ರೆ, ಗಾಜು ಒಡೆದ ಕಿಟಕಿಯ ಮುಂದೆ ನೀನು ನಿಂತ ಫೋಟೊ, ಎಲ್ಲ ಸರಿಯಾಗಿವೆಯಂತೆ. ಗಾಯಕ್ಕೆ ಆಸ್ಪತ್ರೆಯ ದಾಖಲೆಯೊಂದು ಬೇಕು ಎಂದರು.

ಅಲ್ಲೇ ಸಿಕ್ಕಿಬಿದ್ದೆವು. ಯುದ್ಧ ಶುರುವಾಗಿ ನೀನು ಊರಿಗೆ ಬಂದ ಮಾರನೆಯ ದಿನ ಅಪ್ಪ ನಿನ್ನನ್ನು ಅರಸೀಕೆರೆಯ ನರ್ಸಿಂಗ್ ಹೋಮಿಗೆ ಕರೆದೊಯ್ದರಲ್ಲ, ನಾನೂ ಅಮ್ಮನೂ ಮನೆಯಲ್ಲೇ ಉಳಿದೆವು. ಹದಿನೈದು ದಿನದ ಹಿಂದೆ ಅಲ್ಲಿಗೆ ಹೋಗಿ ಆ ಹಾಳೆ ತೆಗೆಸಿದೆ. ಬಲಗಿವಿಯ ತಮಟೆ ಹರಿದಿದೆ, ಮೇಲೆ ನಾಲ್ಕು ಹೊಲಿಗೆ. ಕಾರಣ, ಬಚ್ಚಲುಮನೆಯಲ್ಲಿ ಜಾರಿ ಬಿದ್ದದ್ದು. ಕೆಳಗೆ ಅಪ್ಪನ ದುಂಡನೆಯ ಸಹಿ. ನಾನು ಮೂರು ಸಲ ಓದಿದೆ. ನಮ್ಮ ಕಡೆ ಯಾರಿಗೆ ಏನಾದರೂ ಡಾಕ್ಟರ ಮುಂದೆ ಬಚ್ಚಲೇ ಅಲ್ಲವೇ? ಗಂಡ ಹೊಡೆದರೂ ಬಚ್ಚಲು, ಗದ್ದೆ ಬದುವಿನ ಜಗಳದಲ್ಲಿ ತಲೆ ಒಡೆದರೂ ಬಚ್ಚಲು, ಪೊಲೀಸರವರೆಗೆ ಹೋಗದಿರಲಿ ಎಂದು. ಆದರೆ ಹಾಸ್ಟೆಲ್ ಪಕ್ಕ ಬಿದ್ದ ಬಾಂಬಿಗೂ ಬಚ್ಚಲೇ? ದಾಖಲೆ ನೋಡಿಕೊಳ್ಳುವ ಆಶಾರಾಣಿಯವರಿಗೆ ತಿದ್ದಿಕೊಡಿ ಎಂದು ಹೇಳಲು ನನಗೆ ಹತ್ತು ನಿಮಿಷ ಹಿಡಿಯಿತು. "ನೋಡಿ ಮೇಡಂ, ಬಚ್ಚಲು ಅಂದೋರು ನೀವೇ. ನಾಲ್ಕು ವರ್ಷ ಆದ್ಮೇಲೆ ಬಂದು ಬಾಂಬು ಅಂದ್ರೆ ನಾನೆಲ್ಲಿಂದ ತರ್ಲಿ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ವಾಪಸು ಬರುವಾಗ ಬಸ್ಸಿನಲ್ಲಿ ಹುಲಿಕೆರೆಯ ಗುರುಸಿದ್ದಮ್ಮ ಪಕ್ಕದಲ್ಲಿ ಕೂತಿದ್ದರು. ನನ್ನ ತೊಡೆಯ ಮೇಲಿನ ಫೈಲು ನೋಡಿ ಬಿಡದೆ ಕೇಳಿದ್ದಕ್ಕೆ ಹೇಳಿದೆ. "ಯುದ್ದ ಆಗಿದ್ದು ಎಲ್ಲೋ, ಬರ್ಕೊಳೋ ಆಪೀಸು ಇನ್ನೆಲ್ಲೋ ಐತೆ, ನೀ ಅರಸೀಕೆರೇಲಿ ಅಲೀತಿದ್ದೀಯಲ್ಲವ್ವ" ಎಂದು ನಕ್ಕು, ಒಂದು ಹಿಡಿ ಕಡಲೆಕಾಯಿ ಕೊಟ್ಟರು. ಸಾಹಿತ್ಯ ಓದಿದವಳು ನಾನು, ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ವಕೀಲರು ಒಂದು ದಾರಿ ತೋರಿಸಿದರು. ಆ ಹೇಳಿಕೆ ಕೊಟ್ಟವರೇ ನೋಟರಿಯ ಮುಂದೆ ಪ್ರಮಾಣಪತ್ರ ಮಾಡಬೇಕು: ಹಾಗೆ ಹೇಳಿದ್ದು ನಾನು, ಅದು ನಿಜವಲ್ಲ, ಹೇಳಿದ್ದಕ್ಕೆ ಕಾರಣ ಇಂಥದ್ದು ಎಂದು. ಈ ತಿಂಗಳ ಮೂವತ್ತೊಂದರೊಳಗೆ ಬಂದರೆ ಈ ಸಲದ ಅರ್ಜಿಗಳ ಜೊತೆ ನಿನ್ನದೂ ಹೋಗುತ್ತದೆ. ನಾನು ಟೈಪ್ ಮಾಡಿಸಿ ತಂದು ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಇದಕ್ಕೆ ನಾನು ಸಹಿ ಮಾಡಲ್ಲ ಕಣಮ್ಮ. ಇದರಲ್ಲಿ ಬರೆದಿರೋದು ನಡೆದಿದ್ದಲ್ಲ" ಎಂದು ಮಡಿಚಿ ವಾಪಸು ಕೊಟ್ಟರು. ಏನು ನಡೆದದ್ದು, ಬಚ್ಚಲೇ ಎಂದೆ. ಅವರು ಮಡಿಪಂಚೆ ಒಣಹಾಕಲು ಎದ್ದು ಹೋದರು. ಊರಲ್ಲಿ ಯಾರಾದರೂ ಆಣೆ ಮಾಡಬೇಕಾದರೆ ಅಪ್ಪನ ಎದುರು ಬಂದು ಮಾಡುತ್ತಾರೆ. ಅಂಥ ಸುಂದರರಾಜ ಅರ್ಚಕರು ಸುಳ್ಳು ಹೇಳಿದ್ದೆ ಎಂದು ನೋಟರಿಯ ಮುಂದೆ ಒಪ್ಪಿಕೊಳ್ಳುವುದು ಹೇಗೆ? ತಮ್ಮ ಮರ್ಯಾದೆಗೆ ಮಗನ ಕಿವಿಯನ್ನು ಬಿಟ್ಟುಕೊಡುತ್ತಿದ್ದಾರೆ ಎಂದೇ ನನಗೆ ಅನ್ನಿಸುತ್ತಿದೆ. ಅವತ್ತಿನಿಂದ ಅವರಿಗೆ ಊಟ ಬಡಿಸುತ್ತೇನೆ, ಮುಖ ನೋಡಿ ಮಾತಾಡಿಲ್ಲ. ಸಾವಿರಾರು ಮೈಲಿಯಾಚೆಯ ಕಚೇರಿ ಅಡ್ಡ ಬಂದಿದ್ದರೆ ಸಹಿಸುತ್ತಿದ್ದೆ, ನಮ್ಮ ಜಗುಲಿಯಲ್ಲೇ ಅರ್ಜಿ ನಿಂತುಬಿಟ್ಟಿತಲ್ಲ.

ನೀನು ಒಂದು ಮಾತು ಹೇಳಿದರೆ ಅಪ್ಪ ಕೇಳುತ್ತಾರೆ. ಕಾಗದ ತಲುಪಿದ ದಿನವೇ ಫೋನ್ ಮಾಡಿ ಸಹಿ ಹಾಕಲು ಹೇಳು.

ಅಮ್ಮನ ಆಶೀರ್ವಾದ. ಅಪ್ಪನದೂ ಇದೆ, ಅವರನ್ನು ಕೇಳದೆಯೇ ಬರೆಯುತ್ತಿದ್ದೇನೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ,
ಮೇಧಿನಿ

ಮ.ವಿ.: ಮಂಗಳವಾರ ಬೆಳಿಗ್ಗೆ. ಇಂದುಧರ ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಲಕೋಟೆ ಅಂಟಿಸುವ ಮೊದಲು ಅಮ್ಮನಿಗೆ ಇದನ್ನು ಓದಿ ಹೇಳಿದೆ. ಅಪ್ಪನ ಮರ್ಯಾದೆಯ ಮಾತು ಬಂದ ಕಡೆ "ಸಾಕು ನಿಲ್ಸೇ" ಎಂದಳು. ಡಾಕ್ಟರಿಗೆ ಬಚ್ಚಲು ಎಂದದ್ದು ಅಪ್ಪ ಅಲ್ಲವಂತೆ, ನೀನಂತೆ. ಆ ವಾರ ನನ್ನನ್ನು ನೋಡಲು ಬೇಲೂರಿನವರು ಬರುವವರಿದ್ದರು, ಹುಡುಗನ ಸೋದರಮಾವ ಅದೇ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದರು. ಬಾಂಬಿನ ಸುದ್ದಿ, ಕೆಟ್ಟ ಕಿವಿ, ಅರ್ಧಕ್ಕೆ ನಿಂತ ಓದು ಸಂಜೆಯೊಳಗೆ ಬೇಲೂರು ಮುಟ್ಟುತ್ತದೆ ಎಂದು ನೀನೇ ಹಾಗೆ ಹೇಳಿ, ಅಕ್ಕನಿಗೆ ತಿಳಿಸಬಾರದು ಎಂದು ಅಪ್ಪನಿಂದ ಮಾತು ತೆಗೆದುಕೊಂಡೆಯಂತೆ. ಅವರು ಬಂದು, ಉಪ್ಪಿಟ್ಟು ತಿಂದು, ಹುಡುಗಿ ಬಾಯೇ ಬಿಡಲ್ಲ ಎಂಬ ಕಾರಣಕ್ಕೆ ಬೇಡವೆಂದು ಹೋದರು. ಅದಕ್ಕಾಗಿ ಇಷ್ಟು ಮಾಡಿದೆಯಾ? ಅಪ್ಪ ಸಹಿ ಹಾಕದಿದ್ದದ್ದು ಸರಿ, ಹಾಕಿದ್ದರೆ ಅದು ಸುಳ್ಳಾಗುತ್ತಿತ್ತು. ಅವರು ದೇವಸ್ಥಾನದಿಂದ ಬರುವ ಹೊತ್ತಾಯಿತು, ಏನೆಂದು ಮಾತು ಶುರುಮಾಡಲಿ, ತಿಳಿಯುತ್ತಿಲ್ಲ. ಪ್ರಮಾಣಪತ್ರ ಈಗ ನಿನ್ನದೇ. ಅಲ್ಲೇ ನೋಟರಿ ಹುಡುಕಿ ಮೂವತ್ತೊಂದರೊಳಗೆ ವಕೀಲರಿಗೆ ಕಳಿಸು. ಕಾರಣ ಎಂದು ಇರುವ ಕಡೆ ಅಕ್ಕನ ಮದುವೆ ಮಾತುಕತೆ ಎಂದೇ ಬರೆ, ನನ್ನ ಹೆಸರನ್ನೂ ಹಾಕು. ಸಂಕೋಚ ಬೇಡ, ಅದನ್ನು ಓದುವವರು ಹೇಗ್‌ನಲ್ಲಿದ್ದಾರೆ, ಬೇಲೂರಿನಲ್ಲಲ್ಲ.