ಕರಿ ಬೆರಳಿನ ಒರೆ

ಲಪುವಾ
೧೧ ಮಾರ್ಚ್ ೧೯೭೩, ಭಾನುವಾರ

ಯಾಲ್ಮರಿ,

ಹೆಸರಿನ ಹಿಂದೆ ಪ್ರಿಯ ಅಂತ ಸೇರಿಸಲೋ ಬೇಡವೋ ಎಂದು ಕಾಫಿ ಆರಿಹೋಗುವಷ್ಟು ಹೊತ್ತು ಯೋಚಿಸಿದೆ. ಸದ್ಯಕ್ಕೆ ಬರೀ ಹೆಸರೇ ಇರಲಿ. ನಾನು ಚೆನ್ನಾಗಿದ್ದೇನೆ. ಅಕ್ಕನ ಮನೆಯಲ್ಲಿ ನನಗೇನೂ ಕಡಿಮೆಯಿಲ್ಲ. ನಿನ್ನ ಕೆಮ್ಮು ಹೇಗಿದೆಯೋ ಏನೋ, ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ.

ನೀನು ಬಸ್ಸಿನವನ ಕೈಯಲ್ಲಿ ಕಳಿಸಿದ ಪೊಟ್ಟಣ ಗುರುವಾರ ತಲುಪಿತು. ಹಳೇ ಪತ್ರಿಕೆ ಸುತ್ತಿ ದಾರ ಬಿಗಿದಿದ್ದೀಯ, ಒಳಗೆ ಒಂದಕ್ಷರ ಬರಹವಿಲ್ಲ. ಹೊಸ ಚಾಕು ಮಾಡಿದ್ದೀಯ, ಅದಕ್ಕೆ ಒರೆ ಹೊಲಿಸಿಕೊಳ್ಳಲು ಕಳಿಸಿದ್ದೀಯ ಎಂದುಕೊಂಡೆ. ಬಿಚ್ಚುವ ಮೊದಲೇ ಮೈ ಉರಿಯಿತು. ನಾನು ಮನೆ ಬಿಟ್ಟು ಬಂದು ಒಂದೂವರೆ ವರ್ಷವಾದರೂ ಇವನಿಗೆ ಬೇಕಾಗಿರುವುದು ನನ್ನ ದಬ್ಬಳ, ನಾನಲ್ಲ ಎಂದು ಬೈದುಕೊಳ್ಳುತ್ತಲೇ ಬಿಚ್ಚಿದೆ. ನೋಡಿದರೆ ಬರೀ ಒರೆ. ಚಾಕುವೇ ಇಲ್ಲ.

ಹಿಲ್ಯಾ ಅಕ್ಕ ಪಕ್ಕದಲ್ಲೇ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು. ಅವಳ ಬಾಯಿ ನಿನಗೆ ಗೊತ್ತಲ್ಲ.

"ನಿನ್ ಗಂಡಂಗೆ ಅರಳುಮರಳು ಕಣೇ, ಚಾಕು ಹಾಕೋದನ್ನೇ ಮರ್ತಿದಾನೆ" ಅಂದಳು. ಒರೆಯನ್ನು ಮೂಗಿನ ಹತ್ತಿರ ಹಿಡಿದು, "ಇದನ್ನ ಹೊಲ್ದಿದ್ದು ಯಾರೇ, ಕರಡಿನಾ?" ಅಂತ ಬೇರೆ ಕೇಳಿದಳು.

ಕರಡಿಯಲ್ಲ, ನೀನೇ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ತೊಗಲಿನ ತುಂಬ ನೀಲಿಗಪ್ಪು ಬೆರಳ ಗುರುತು. ಒದ್ದೆ ತೊಗಲನ್ನು ಕುಲುಮೆಯ ಕೈಯಲ್ಲಿ ಮುಟ್ಟಬೇಡವೋ, ಕಬ್ಬಿಣದ ಪುಡಿ ತಾಕಿದರೆ ಕಪ್ಪಾಗುತ್ತದೆ, ಸೋಪು ಹಾಕಿ ಉಜ್ಜಿದರೂ ಹೋಗುವುದಿಲ್ಲ ಎಂದು ಎಷ್ಟು ವರ್ಷ ಬಡಕೊಂಡೆ? ಅದರಲ್ಲೂ ತುದಿ ಹಾರಿಹೋದ ಆ ಹೆಬ್ಬೆರಳು ನಮ್ಮೂರು ಕೌಹವಾದಲ್ಲಿ ಇನ್ನಾರಿಗಿದೆ? ಹಿಲ್ಯಾ ನಿಂಬೆರಸ ಹಚ್ಚಿ ತೆಗೆಯೇ ಅಂದಳು. ಅಂಗಡಿಯಿಂದ ನಿಂಬೆಹಣ್ಣು ತಂದೆ, ಚಹಾಕ್ಕೆ ಹಿಂಡಿಕೊಂಡು ಕುಡಿದೆ. ಗುರುತು ಹಾಗೇ ಇದೆ.

ಉಳಿದ ತಪ್ಪುಗಳನ್ನೂ ಕೇಳು. ತೊಗಲು ನೀರು ತೊಟ್ಟಿಕ್ಕುವಾಗಲೇ ಹೂವಿನ ಅಚ್ಚು ಹೊಡೆದಿದ್ದೀಯ. ಕೆಸರಲ್ಲಿಟ್ಟ ಹೆಜ್ಜೆಯ ಹಾಗೆ ಅರ್ಧ ಹೂವು ಮುಚ್ಚಿಕೊಂಡಿದೆ. ಕಣ್ಣಿಗೆ ಒಣಗಿದಂತೆ ಕಾಣಬೇಕು, ಕೆನ್ನೆಗಿಟ್ಟರೆ ತಣ್ಣಗಿರಬೇಕು, ಕೊಡತಿ ಎತ್ತುವುದು ಆಗ. ಸೊಂಟಪಟ್ಟಿಗೆ ಸಿಕ್ಕಿಸುವ ಕುಣಿಕೆಯ ಮೇಲಿನ ಹೂವಂತೂ ತಲೆಕೆಳಗಾಗಿ ನೇತಾಡುತ್ತಿದೆ. ಅಲ್ಲಿ ತೊಗಲು ಹಿಂದಕ್ಕೆ ಮಡಚಿಕೊಳ್ಳುತ್ತದೆ ಎಂಬುದು ನಿನಗೆ ಹೊಳೆಯಲೇ ಇಲ್ಲವೇ? ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಯಾಕೆಂದರೆ ಆ ಚಾಕು ಪ್ರದರ್ಶನದ ದಿನವನ್ನು ನಾನು ಮರೆತಿಲ್ಲ ಯಾಲ್ಮರಿ. ಬಹುಮಾನ ಕೊಡಲು ಬಂದಿದ್ದ ಆ ಮುದುಕರು ನಿನ್ನ ಚಾಕುವನ್ನು ಬದಿಗಿಟ್ಟು, ನನ್ನ ಒರೆಯನ್ನು ಬೆಳಕಿಗೆ ಹಿಡಿದು, ಇದು ಯಾರ ಕೆಲಸ ಎಂದು ಕೇಳಿದರು. ನಾನು ನಿನ್ನ ತೋಳಿಗೆ ತಾಗಿಕೊಂಡೇ ನಿಂತಿದ್ದೆ. "ಅದು ಬಿಡಿ, ಬರೀ ಚೀಲ. ಚಾಕು ನೋಡಿ" ಅಂದೆಯಲ್ಲ. ಮದುವೆಯಾದಾಗಿನಿಂದ ಒಂದೊಂದು ಒರೆಯ ಬೆನ್ನಿಗೂ ನಿನ್ನ ಹೆಸರನ್ನು ಒಂದೊಂದಕ್ಷರವಾಗಿ ಹೊಡೆದದ್ದು ಈ ಕೈ. ನನ್ನ ಹೆಸರು ಬೇಕೆಂದು ನಾನು ಕೇಳಿರಲಿಲ್ಲ. ಆದರೆ ನೀನು ಚೀಲ ಅಂದೆ. ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ.

ಶುಕ್ರವಾರ ಹಿಲ್ಯಾ ಹೊರಗೆ ಹೋದ ಮೇಲೆ ಒರೆಯನ್ನು ಕಿಟಕಿಯ ಹತ್ತಿರ ತಂದು ಮಗುಚಿ ನೋಡಿದೆ. ನಿನ್ನ ಹೆಸರು ಇರುವ ಜಾಗದಲ್ಲಿ ಸೈಮಿ ಎಂದಿದೆ. ಅಕ್ಷರಗಳು ಕುಡಿದವರಂತೆ ವಾಲಿವೆ, ಕೊನೆಯದು ಹೊಲಿಗೆಯ ಅಡಿಗೆ ಹೋಗಿಬಿಟ್ಟಿದೆ. ನಿನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿದೆ. ಎಲ್ಲೂ ಇಲ್ಲ. ನಾನು ಅತ್ತುಬಿಟ್ಟೆ. ಅತ್ತದ್ದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ಆಗಲೇ ಅದು ಖಾಲಿ ಯಾಕೆ ಬಂತು ಎಂದು ಹೊಳೆದದ್ದು. ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ: ಮದುವೆ ವಯಸ್ಸಿಗೆ ಬಂದ ಹುಡುಗಿ ಖಾಲಿ ಒರೆ ಸೊಂಟಕ್ಕೆ ಕಟ್ಟಿಕೊಂಡು ಚರ್ಚಿಗೆ ಹೋಗುತ್ತಿದ್ದಳು, ಮನಸ್ಸಿಟ್ಟ ಹುಡುಗ ತನ್ನ ಚಾಕುವನ್ನು ಅದರಲ್ಲಿ ಇಟ್ಟುಹೋಗುತ್ತಿದ್ದ. ಅವಳು ವಾಪಸ್ ಕೊಟ್ಟರೆ ಒಲ್ಲೆ ಎಂದರ್ಥ, ಮುಂದಿನ ಭಾನುವಾರ ಅದು ಅವಳ ಸೊಂಟದಲ್ಲೇ ಇದ್ದರೆ ಒಪ್ಪಿದಂತೆ. ನಮ್ಮ ಕಾಲಕ್ಕೆ ಅದು ತಮಾಷೆಯ ಮಾತಾಗಿತ್ತು. ಆದರೂ ನಡುಬೇಸಿಗೆಯ ಕುಣಿತದಲ್ಲಿ ನೀನು ನನ್ನ ಒರೆಗೆ ನಿನ್ನ ಚಾಕು ತುರುಕಿ, ಒಂದು ಮಾತಾಡದೆ ಬರ್ಚ್ ಮರಗಳ ಕಡೆ ಓಡಿಹೋಗಿದ್ದೆ. ಈಗ ಖಾಲಿ ಒರೆ ಹಿಡಿದು ಕಾಯುತ್ತಿರುವವನು ನೀನು. ಗಂಡಸೊಬ್ಬ ಹೀಗೆ ನಿಂತದ್ದನ್ನು ಈ ಸೀಮೆಯಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

ಹಾಗಂತ ನಾನು ಎದ್ದೆನೋ ಬಿದ್ದೆನೋ ಎಂದು ಓಡಿಬರುತ್ತೇನೆ ಅಂದುಕೊಳ್ಳಬೇಡ. ಇನ್ನು ಮುಂದೆ ಪ್ರತಿ ಒರೆಯ ಮೇಲೂ ಎರಡು ಹೆಸರು, ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಬೇಸಿಗೆಯ ಪ್ರದರ್ಶನದಲ್ಲಿ ಯಾರಾದರೂ ಒರೆ ಯಾರದು ಎಂದು ಕೇಳಿದರೆ ನೀನೇ ಬಾಯಿಬಿಟ್ಟು ಹೇಳಬೇಕು, ನಾನು ಕೇಳಿಸಿಕೊಳ್ಳುವ ಹಾಗೆ. ನಿನ್ನ ಬಾಯಿಂದ ಮಾತು ಹೊರಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಆದರೂ ಹೇಳಬೇಕು. ಆಗದು ಅಂತಿದ್ದರೆ ಈಗಲೇ ಬರೆದು ತಿಳಿಸು, ಒರೆಯನ್ನು ಅದೇ ಬಸ್ಸಿನವನ ಕೈಯಲ್ಲಿ ವಾಪಸ್ ಕಳಿಸುತ್ತೇನೆ.

ಆಗುತ್ತದೆ ಅಂತಿದ್ದರೆ ಏನೂ ಬರೆಯಬೇಡ, ಬರೆಯದೆ ಇರುವುದು ನಿನಗೆ ಚೆನ್ನಾಗಿ ಬರುತ್ತದೆ. ಶನಿವಾರ ಬರುತ್ತೇನೆ. ತೊಗಲು ನೆನೆಸುವುದು ಹೇಗೆಂದು ತೋರಿಸಿ ಸಂಜೆಯ ಬಸ್ಸಿಗೆ ಹೊರಟುಬಿಡುತ್ತೇನೆ, ಅಷ್ಟೇ.

ಇಂತಿ,
ಸೈಮಿ

ತಾ.ಕ.: ವಾಪಸ್ ಕಳಿಸುತ್ತೇನೆ ಅಂದದ್ದು ಸುಳ್ಳು. ಶುಕ್ರವಾರವೇ ಒರೆಯನ್ನು ನೆನೆಸಿ, ತೊಗಲು ಕೊಯ್ಯುವ ನನ್ನ ಚಾಕುವನ್ನು ಮೇಣದ ಕಾಗದದಲ್ಲಿ ಸುತ್ತಿ ಒಳಗಿಟ್ಟು, ಅದರ ಆಕಾರಕ್ಕೇ ಒಣಗಲು ಬಿಟ್ಟಿದ್ದೆ. ಈಗ ತಲೆಕೆಳಗು ಮಾಡಿ ಕುಲುಕಿದರೂ ಚಾಕು ಬೀಳುವುದಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಕೋಟಿನ ಮೇಲೆ ಸೊಂಟಕ್ಕೆ ಕಟ್ಟಿಕೊಂಡೇ ಚರ್ಚಿಗೆ ಹೋಗಿದ್ದೆ, ನಿನ್ನ ಕರಿ ಬೆರಳುಗಳು ಎಲ್ಲರಿಗೂ ಕಾಣುವ ಹಾಗೆ. ಹಿಲ್ಯಾ ನಾಚಿಕೆಯಿಂದ ಬೇರೆ ಸಾಲಿನಲ್ಲಿ ಹೋಗಿ ಕೂತಳು.