ಒಡೆದ ಗಾಜಿನ ಪಟ್ಟಿ

ಶ್ರಾಪ್‌ಶೈರ್,
ಶನಿವಾರ, 12 ನವೆಂಬರ್ 1887

ಲೇಡಿ ಕಾರ್ಬೆಲ್ ಅಮ್ಮನವರಿಗೆ, ಎಸ್ಟೇಟಿನ ಬಡಗಿ ಎನಾಕ್ ಪ್ರೀಸ್ ಬರೆಯುವುದು.

ಪ್ರಾರ್ಥನಾಮಂದಿರದ ಉತ್ತರ ಗೋಡೆಯ ಬಿರುಕಿಗೆ ಅಡ್ಡಲಾಗಿ ನಾನು ಅಂಟಿಸಿದ್ದ ಗಾಜಿನ ಪಟ್ಟಿ ಇಂದು ಮತ್ತೆ ಒಡೆದಿದೆ. ಈ ತಿಂಗಳಲ್ಲಿ ಇದು ಮೂರನೆಯದು. ಗೋಡೆ ಕದಲದೆ ಅದು ಒಡೆಯುವುದಿಲ್ಲ. ಹೊಸ ಆರ್ಗನ್ನಿಗೆ ಜಾಗ ಬೇಕೆಂದು ತಾವು ಹೇಳಿದಾಗ, ಎರಡೂ ಗೋಡೆಗಳನ್ನು ಹಿಡಿದಿದ್ದ ಅಡ್ಡತೊಲೆಯನ್ನು ಕೊಯ್ದವನು ನಾನೇ. ಗೋಡೆಗೆ ಅಪಾಯವೆಂದು ಗೊತ್ತಿದ್ದೂ ಆಗ ಬಾಯಿ ಬಿಡಲಿಲ್ಲ.

ಪಾರುಪತ್ಯಗಾರ ಟಾಲಿಸ್ ಅವರಿಗೆ ಹೇಳಿದೆ. "ಇನ್ನೂರು ವರ್ಷ ನಿಂತಿರೋದು ನಾಳೆ ಬಿದ್ದುಬಿಡತ್ತಾ? ನಿನ್ನ ಮಗಳೇ ಧೂಳು ಒರೆಸುವಾಗ ಒಡೆದಿರ್ತಾಳೆ, ಹೋಗಯ್ಯಾ!" ಎಂದು ನಕ್ಕರು.

ತಮ್ಮ ಕುಟುಂಬ ಕೂರುವ ಮೇಲಂತಸ್ತಿಗೆ ಬೇರೆ ಕಂಬಗಳಿವೆ, ಅದಕ್ಕೆ ಭಯವಿಲ್ಲ. ಆ ಗೋಡೆಯ ಬುಡದಲ್ಲಿ ಕೂರುವವರು ಕೆಲಸದವರು, ನಲವತ್ತೊಂದು ಜನ. ಮೂರನೆಯ ಬೆಂಚಿನಲ್ಲಿ ನನ್ನ ಮಗಳು ಟ್ಯಾಬಿತಾ. ಪ್ರಾರ್ಥನೆ ತಪ್ಪಿಸಿದರೆ ಕೆಲಸ ಹೋಗುತ್ತದೆಂದು ಅವಳು ನನ್ನ ಮಾತು ಕೇಳುತ್ತಿಲ್ಲ.

ದಯವಿಟ್ಟು ನಾಳೆಯ ಪ್ರಾರ್ಥನೆಯನ್ನು ಬಂಗಲೆಯ ಹಜಾರದಲ್ಲಿ ಇಡಿಸಿ. ಆಗದಿದ್ದರೆ, ನಮಗೆ ಕೊಟ್ಟಿರುವ ಮನೆ ಖಾಲಿ ಮಾಡಲು ಒಂದು ವಾರ ಕೊಡಿ. ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಮನೆಯ ಮಾತು ಏಕೆಂದರೆ, ಪ್ರಾರ್ಥನಾಮಂದಿರದ ಬೀಗದ ಕೈ ನನ್ನ ಬಳಿ ಇದೆ. ನಾಳೆ ಯಾರು ಹೇಳಿದರೂ ನಾನು ಬಾಗಿಲು ತೆರೆಯುವುದಿಲ್ಲ.

ತಮ್ಮ ಸೇವಕ,
ಎನಾಕ್ ಪ್ರೀಸ್